ಡಿಟಿಪಿ ಕೆಲಸದಿಂದ ಯುಐ–ಯುಎಕ್ಸ್ ವಿನ್ಯಾಸಕ್ಕೆ: ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ – ಡಿಟಿಪಿ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಮುಗಿಸಿದ ಮೇಲೆ ದಾವಣಗೆರೆಯ ಒಂದು ಆಫ್‌ಸೆಟ್ ಮುದ್ರಣಾಲಯದಲ್ಲಿ ಡಿಟಿಪಿ (ಗಣಕದಲ್ಲಿ ಪುಟ ಜೋಡಿಸುವ) ಕೆಲಸಕ್ಕೆ ಸೇರಿಕೊಂಡವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ, ಫ್ಲೆಕ್ಸ್ ಇವೇ ನಮ್ಮ ದಿನನಿತ್ಯದ ಕೆಲಸಗಳು. ಕೋರಲ್‌ಡ್ರಾ, ಫೋಟೋಶಾಪ್ ಹಾಗೂ ಕನ್ನಡ ಟೈಪ್ ಮಾಡುವ ತಂತ್ರಾಂಶವಾದ ನುಡಿಯಲ್ಲಿ ಕೈ ಚೆನ್ನಾಗಿ ಪಳಗಿದೆ. ಆದರೆ ಹಿಂದೆ ಸಾವಿರ ಲಗ್ನಪತ್ರಿಕೆ ಹಾಕಿಸುತ್ತಿದ್ದ ಮನೆಯವರು ಈಗ ಇನ್ನೂರು ಹಾಕಿಸಿ, ಉಳಿದವರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಿರುವುದರಿಂದ, ಈ ಕೆಲಸವೊಂದನ್ನೇ ನೆಚ್ಚಿಕೊಂಡು ಎಷ್ಟು ಕಾಲ ಇರಬಹುದು ಎಂಬ ಯೋಚನೆ ಹತ್ತಿದೆ.

ಹಾಗಾಗಿ ಆ್ಯಪ್, ಜಾಲತಾಣಗಳ ಪರದೆಗಳನ್ನು ರೂಪಿಸುವ ಯುಐ–ಯುಎಕ್ಸ್ ವಿನ್ಯಾಸವನ್ನು ಕಲಿಯಬೇಕೆಂದುಕೊಂಡಿದ್ದೇನೆ. ಯೂಟ್ಯೂಬಿನಲ್ಲಿ ಫಿಗ್ಮಾ ಎಂಬ ಪರದೆ ವಿನ್ಯಾಸದ ತಂತ್ರಾಂಶದ ಪಾಠಗಳನ್ನು ನೋಡಿ, ಹೆಸರಾಂತ ಆ್ಯಪ್‌ಗಳ ಒಂದಷ್ಟು ಪರದೆಗಳನ್ನು ಇದ್ದ ಹಾಗೆಯೇ ಬಿಡಿಸಿದ್ದೂ ಆಯಿತು. ಬಿಡಿಸುವುದೇನೂ ಕಷ್ಟವಾಗಲಿಲ್ಲ, ಆದರೆ ಅದರಿಂದ ಕಲಿತದ್ದೇನು ಎಂದು ಯಾರಾದರೂ ಕೇಳಿದರೆ ಹೇಳಲು ತೋಚುವುದಿಲ್ಲ. ಯುಐ ಎಂದರೆ ಪರದೆಯ ಅಂದ, ಯುಎಕ್ಸ್ ಎಂದರೆ ಬಳಸುವವರ ಅನುಭವ ಎಂದು ಎಲ್ಲ ವಿಡಿಯೊಗಳಲ್ಲೂ ಹೇಳುತ್ತಾರೆ, ಆದರೆ ಬೆಳಿಗ್ಗೆ ಕೆಲಸಕ್ಕೆ ಕೂತ ಯುಎಕ್ಸ್ ವಿನ್ಯಾಸಕರು ಸಂಜೆಯವರೆಗೆ ನಿಜವಾಗಿ ಏನು ಮಾಡುತ್ತಾರೆ ಎಂಬುದು ನನಗೆ ಇನ್ನೂ ಸ್ಪಷ್ಟವಾಗಿಲ್ಲ.

ಬೆಂಗಳೂರಿನ ಒಂದು ತರಬೇತಿ ಸಂಸ್ಥೆಯವರು ಆರು ತಿಂಗಳ ಕೋರ್ಸಿಗೆ ಒಂದು ಲಕ್ಷಕ್ಕೂ ಮೇಲ್ಪಟ್ಟು ಶುಲ್ಕ ಹೇಳುತ್ತಿದ್ದಾರೆ, ಕೆಲಸ ಕೊಡಿಸುವ ಭರವಸೆಯನ್ನೂ ಕೊಡುತ್ತಿದ್ದಾರೆ. ನನಗೆ ಕೋಡಿಂಗ್ ಬಾರದು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತನಾಡುವಾಗ ತಡವರಿಸುತ್ತೇನೆ. ಇಂಥವನು ಯಾವುದನ್ನು ಮೊದಲು ಕಲಿಯಬೇಕು, ಯಾವುದನ್ನು ಸದ್ಯಕ್ಕೆ ಬಿಡಬಹುದು ಎಂದು ಈ ಕ್ಷೇತ್ರದಲ್ಲಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ – ತೆರೆಯಂಚು

ನಾನು ಬೆಂಗಳೂರಿನಲ್ಲಿ ಪ್ರಾಡಕ್ಟ್ ಡಿಸೈನರ್ ಆಗಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ನೀವು ಹೇಳಿಕೊಂಡಿರುವುದಕ್ಕಿಂತ ಹೆಚ್ಚಿನ ಸಿದ್ಧತೆ ನಿಮ್ಮಲ್ಲಿದೆ ಎಂದು ನನಗೆ ಅನ್ನಿಸಿತು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೆಸರಾಂತ ಆ್ಯಪ್‌ಗಳ ಪರದೆಗಳನ್ನು ನಕಲು ಮಾಡುವುದನ್ನು ಮೊದಲು ನಿಲ್ಲಿಸಿ. ಅಂತರ, ಜೋಡಣೆ, ಅಕ್ಷರದ ಗಾತ್ರ ಇವುಗಳಿಗೆ ಕಣ್ಣು ಪಳಗಲು ನಕಲು ನೆರವಾಗುತ್ತದೆಯೇ ಹೊರತು, ಆ ಗುಂಡಿ ಅಲ್ಲಿಯೇ ಏಕಿದೆ, ಆ ಪ್ರಶ್ನೆಯನ್ನು ಎರಡನೇ ಪರದೆಗೆ ಏಕೆ ತಳ್ಳಿದ್ದಾರೆ ಎಂಬುದನ್ನು ಅದು ಹೇಳಿಕೊಡುವುದಿಲ್ಲ. ಡಿಟಿಪಿ ಮಾಡಿದವರಿಗೆ ಜೋಡಣೆಯ ಕಣ್ಣು ಹೇಗೂ ಇರುತ್ತದೆ.

ಯುಎಕ್ಸ್ ವಿನ್ಯಾಸಕರ ದಿನಚರಿ ಏನೆಂದು ಕೇಳಿದ್ದೀರಿ. ಬಹುಪಾಲು ಸಮಯ ಹೋಗುವುದು ಯಾರು, ಯಾವ ಕೆಲಸಕ್ಕಾಗಿ, ಎಂಥ ಸ್ಥಿತಿಯಲ್ಲಿ ಈ ಪರದೆಯ ಮುಂದೆ ಬರುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ಕಂಡುಕೊಳ್ಳುವುದರಲ್ಲಿ, ಮತ್ತು ಕಂಡದ್ದನ್ನು ಎಂಜಿನಿಯರುಗಳಿಗೂ ವ್ಯವಹಾರ ನೋಡಿಕೊಳ್ಳುವವರಿಗೂ ಒಪ್ಪಿಸುವುದರಲ್ಲಿ. ಬಿಡಿಸುವ ಕೆಲಸ ಇದರ ನಡುನಡುವೆ ಬರುತ್ತದೆ. ವಿನ್ಯಾಸ ತಜ್ಞ ಡಾನ್ ನಾರ್ಮನ್ ಅವರು 1990ರ ದಶಕದಲ್ಲಿ ಆ್ಯಪಲ್‌ನಲ್ಲಿದ್ದಾಗ ‘ಯೂಸರ್ ಎಕ್ಸ್‌ಪೀರಿಯನ್ಸ್’ ಎಂಬ ಹೆಸರನ್ನು ಬಳಕೆಗೆ ತಂದದ್ದೇ ಪರದೆಯೊಂದನ್ನು ಮಾತ್ರ ನೋಡಿದರೆ ಸಾಲದು ಎಂಬ ಕಾರಣಕ್ಕೆ. ಪೆಟ್ಟಿಗೆ ಬಿಚ್ಚುವುದು, ಯಂತ್ರವನ್ನು ಜೋಡಿಸಿಕೊಳ್ಳುವುದು, ಕೈಪಿಡಿ ಓದುವುದು ಎಲ್ಲವೂ ಅದರೊಳಗೆ ಸೇರಿದ್ದವು.

ಈಗ ನಿಮ್ಮ ಅಂಗಡಿಗೇ ಬರೋಣ. ನಿಮ್ಮ ಮೊದಲ ಅಭ್ಯಾಸಕ್ಕೆ ಊಟ ತರಿಸುವ ಆ್ಯಪ್ ಬೇಡ. ಲಗ್ನಪತ್ರಿಕೆಯ ಆರ್ಡರ್ ಪಡೆದು ಪ್ರೂಫ್‌ಗೆ (ಮುದ್ರಣಕ್ಕೆ ಮುಂಚಿನ ಕರಡಿಗೆ) ಒಪ್ಪಿಗೆ ತೆಗೆದುಕೊಳ್ಳುವ ಪ್ರಕ್ರಿಯೆಯನ್ನೇ ಮೊಬೈಲಿಗೆ ವಿನ್ಯಾಸ ಮಾಡಿ. ಹೆಸರುಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆದು ತರುವವರು, ಹಳೆಯ ಪತ್ರಿಕೆಯ ಮೇಲೆ ಪೆನ್ನಿನಲ್ಲಿ ತಿದ್ದಿ ತರುವವರು, ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸುವವರು, ಇವರೆಲ್ಲರೂ ನಿಮಗೆ ಪರಿಚಿತರು. ‘ತಮ್ಮ ಸುಖಾಗಮನವನ್ನು ಬಯಸುವವರು’ ಎಂಬಲ್ಲಿ ಯಾವ ಚಿಕ್ಕಪ್ಪನ ಹೆಸರು ಮೊದಲು ಬರಬೇಕೆಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗದ ಕಾರಣಕ್ಕೇ ಪ್ರೂಫ್ ಒಪ್ಪಿಗೆ ತಡವಾಗುತ್ತದೆ ಎಂಬುದೂ ನಿಮಗೆ ಗೊತ್ತು. ಇನ್ನು ಮುಹೂರ್ತದ ಸಮಯವನ್ನೇ ತೆಗೆದುಕೊಳ್ಳಿ. ಬೆಳಗಿನ ಜಾವ 4.30ರ ಮುಹೂರ್ತವಿದ್ದರೆ ಮನೆಯವರು ‘ಭಾನುವಾರ ರಾತ್ರಿ ಕಳೆದು’ ಎನ್ನುತ್ತಾರೆ. ಫಾರ್ಮಿನಲ್ಲಿ ಬರಿಯ ದಿನಾಂಕದ ಕ್ಯಾಲೆಂಡರ್ ಇಟ್ಟರೆ ಅವರಲ್ಲಿ ಕೆಲವರು ಭಾನುವಾರವನ್ನೇ ಒತ್ತುತ್ತಾರೆ. ದಿನಾಂಕ ಆರಿಸಿದ ಕೂಡಲೇ ಕೆಳಗೆ ‘ಸೋಮವಾರ, ಬೆಳಗಿನ ಜಾವ 4.30’ ಎಂದು ವಾರದ ಹೆಸರಿನೊಂದಿಗೆ ತೋರಿಸಿ ಖಚಿತಪಡಿಸಿಕೊಳ್ಳುವ ಒಂದು ಸಾಲು ಅಲ್ಲಿ ಬೇಕು. ಈ ಸಾಲು ಬೇಕೆಂದು ಗುರುತಿಸುವುದೇ ಯುಎಕ್ಸ್. ಆ ಸಾಲು ಯಾವ ಗಾತ್ರದಲ್ಲಿ, ಯಾವ ಬಣ್ಣದಲ್ಲಿ, ಎಷ್ಟು ಅಂತರದಲ್ಲಿ ಇದ್ದರೆ ಕಣ್ಣಿಗೆ ಬೀಳುತ್ತದೆ ಎಂದು ನಿರ್ಧರಿಸುವುದು ಯುಐ.

ಈ ವಿಷಯದಲ್ಲಿ ಬೆಂಗಳೂರಿನ ಯಾವ ತರಬೇತಿ ಕೇಂದ್ರದ ವಿದ್ಯಾರ್ಥಿಗಿಂತಲೂ ನೀವು ಮುಂದಿದ್ದೀರಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ಕೌಂಟರಿನ ಬಳಿ ಕೂತು, ಗಿರಾಕಿಗಳು ಆರ್ಡರ್ ಕೊಡುವಾಗ ಏನು ಕೇಳುತ್ತಾರೆ, ಎಲ್ಲಿ ಗೊಂದಲಪಡುತ್ತಾರೆ ಎಂದು ಬರೆದುಕೊಳ್ಳಿ. ಆಮೇಲೆ ಫಿಗ್ಮಾ ತೆರೆಯದೆ, ಕಾಗದದ ಮೇಲೆ ಪೆನ್ಸಿಲಿನಲ್ಲಿ ಪರದೆಗಳನ್ನು ಒರಟಾಗಿ ಬರೆಯಿರಿ. ಆ ಕಾಗದಗಳನ್ನೇ ಒಬ್ಬರ ಮುಂದಿಟ್ಟು ಪರೀಕ್ಷಿಸಿ. ಪರೀಕ್ಷಿಸುವಾಗ ‘ಈ ಗುಂಡಿ ಒತ್ತಿ’ ಎನ್ನಬಾರದು. ‘ಮದುವೆಯ ಛತ್ರ ಬದಲಾಗಿದೆ, ಪತ್ರಿಕೆಯಲ್ಲಿ ಅದನ್ನು ತಿದ್ದಿಸಬೇಕು’ ಎಂದಷ್ಟೇ ಹೇಳಿ, ಮನಸ್ಸಿಗೆ ಬಂದದ್ದನ್ನು ಬಾಯಿ ಬಿಟ್ಟು ಹೇಳುತ್ತಾ ಹೋಗಲು ಕೋರಿ, ನೀವು ಸುಮ್ಮನಿರಬೇಕು. ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ, ಕೈ ತಾನಾಗಿ ಪರದೆಯ ಕಡೆ ಚಾಚುತ್ತದೆ.

ಎಷ್ಟು ಜನರೊಂದಿಗೆ ಪರೀಕ್ಷಿಸಬೇಕು ಎಂಬ ಪ್ರಶ್ನೆ ಮುಂದೆ ನಿಮಗೆ ಬಂದೇ ಬರುತ್ತದೆ. ತಂತ್ರಾಂಶ ಬಳಕೆಯ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಮಂಡಿಸಿದ ಲೆಕ್ಕದಲ್ಲಿ, ಒಬ್ಬ ಬಳಕೆದಾರನಿಂದ ಸರಾಸರಿ ಶೇ. 31ರಷ್ಟು ತೊಡಕುಗಳು ಹೊರಬೀಳುತ್ತವೆ. ಆ ಲೆಕ್ಕವನ್ನು ಮುಂದುವರಿಸಿದರೆ ಐವರಿಂದ ಸುಮಾರು ಶೇ. 85ರಷ್ಟು ಗೊತ್ತಾಗುತ್ತವೆ. ‘ಐದು ಜನ ಸಾಕು’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಆದರೆ ಅದು ಒಂದೇ ಬಗೆಯ ಬಳಕೆದಾರರಿಗೆ ಹೊಂದುವ ಲೆಕ್ಕ. ವಧುವಿನ ಅಣ್ಣನೂ, ಓದು ಅಷ್ಟಾಗಿ ಬಾರದ ಅವರ ತಂದೆಯೂ ಒಂದೇ ಬಗೆಯ ಬಳಕೆದಾರರಲ್ಲ, ಆದ್ದರಿಂದ ಎರಡೂ ಗುಂಪಿನಿಂದ ಕೆಲವರನ್ನು ಕೂರಿಸಿಕೊಳ್ಳಬೇಕಾಗುತ್ತದೆ.

ಇದಾದ ಮೇಲೆ ಫಿಗ್ಮಾ. ಅದರ ಉಚಿತ ಆವೃತ್ತಿ ಕಲಿಕೆಗೆ ಸಾಕು. ಬ್ರೌಸರಿನಲ್ಲಿ ನಡೆಯುವುದರಿಂದ ದುಬಾರಿ ಗಣಕವೂ ಬೇಡ. ಪೆನ್‌ಪಾಟ್ ಎಂಬ ಮುಕ್ತ ತಂತ್ರಾಂಶವೂ ಇದೆ. ಫಿಗ್ಮಾದಲ್ಲಿ ಆಟೊ ಲೇಔಟ್ (ಒಳಗಿನ ಮಾತಿಗೆ ತಕ್ಕಂತೆ ತಾನಾಗಿ ಹೊಂದಿಕೊಳ್ಳುವ ಜೋಡಣೆ) ಮತ್ತು ಕಾಂಪೊನೆಂಟ್ (ಒಮ್ಮೆ ಮಾಡಿ ಮತ್ತೆ ಮತ್ತೆ ಬಳಸುವ ತುಣುಕು) ಇವೆರಡನ್ನು ಗಟ್ಟಿ ಮಾಡಿಕೊಂಡರೆ ಉಳಿದದ್ದು ಕೆಲಸ ಮಾಡುತ್ತಾ ಬರುತ್ತದೆ. ಜೊತೆಗೆ ನೀಲ್ಸನ್ 1994ರಲ್ಲಿ ಈಗಿನ ರೂಪಕ್ಕೆ ತಂದ ಹತ್ತು ಬಳಕೆಯೋಗ್ಯತಾ ಸೂತ್ರಗಳನ್ನು ಓದಿ. ವ್ಯವಸ್ಥೆ ಈಗ ಏನು ಮಾಡುತ್ತಿದೆ ಎಂದು ಬಳಸುವವರಿಗೆ ತಿಳಿಸುತ್ತಿರಬೇಕು, ಮಾಡಿದ್ದನ್ನು ರದ್ದುಪಡಿಸುವ ದಾರಿ ಇರಬೇಕು, ನೆನಪಿಟ್ಟುಕೊಳ್ಳುವ ಹೊರೆಯನ್ನು ಜನರ ಮೇಲೆ ಹಾಕಬಾರದು ಎಂಬಂಥ ಸರಳ ಸಂಗತಿಗಳೇ ಅವು. ಓದಿ ಬಿಟ್ಟರೆ ಪ್ರಯೋಜನವಿಲ್ಲ. ನೀವು ವಿದ್ಯುತ್ ಬಿಲ್ ಕಟ್ಟುವ ಅಥವಾ ಬಸ್ಸಿನ ಸೀಟು ಕಾದಿರಿಸುವ ಆ್ಯಪನ್ನು ತೆರೆದು, ಪ್ರತಿಯೊಂದು ಸೂತ್ರಕ್ಕೂ ಅಲ್ಲಿ ಒಂದು ಉದಾಹರಣೆ ಅಥವಾ ಒಂದು ಉಲ್ಲಂಘನೆಯನ್ನು ಹುಡುಕಿ.

ಉತ್ತರ – ಸಾಲುಕೋಡು

ತೆರೆಯಂಚು ಅವರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ, ಆದರೆ ಕೋಡಿಂಗ್ ವಿಷಯವನ್ನು ಅವರು ಮುಟ್ಟಲೇ ಇಲ್ಲ. ನಾನು ಫ್ರಂಟ್‌ಎಂಡ್ ಡೆವಲಪರ್, ಅಂದರೆ ಬಳಸುವವರಿಗೆ ಕಾಣುವ ಪರದೆಗಳಿಗೆ ಕೋಡ್ ಬರೆಯುವುದು ನನ್ನ ಕೆಲಸ. ವಿನ್ಯಾಸಕರು ಜಾವಾಸ್ಕ್ರಿಪ್ಟ್ ಕಲಿಯಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಜಾಲಪುಟದ ರಚನೆಯನ್ನು ಬರೆಯುವ ಎಚ್‌ಟಿಎಂಎಲ್ ಮತ್ತು ಅದರ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನ ಮೂಲಪಾಠಗಳನ್ನು ಫಿಗ್ಮಾ ಜೊತೆಯಲ್ಲೇ ಕಲಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುದ್ರಣದಿಂದ ಬರುವವರಿಗಂತೂ ಇದು ಇನ್ನಷ್ಟು ಅಗತ್ಯ. ನಿಮ್ಮ ಕೆಲಸದಲ್ಲಿ ಕಾಗದದ ಅಳತೆ ಮೊದಲೇ ನಿಶ್ಚಿತವಾಗಿರುತ್ತದೆ, ಒಮ್ಮೆ ಪ್ಲೇಟ್ ಮಾಡಿದ ಮೇಲೆ ಒಂದಕ್ಷರವೂ ಅಲುಗುವುದಿಲ್ಲ. ಪರದೆಯಲ್ಲಿ ಅಗಲವೂ ನಿಮ್ಮ ಕೈಯಲ್ಲಿಲ್ಲ, ಒಳಗೆ ಬರುವ ಮಾತೂ ನಿಮ್ಮ ಕೈಯಲ್ಲಿಲ್ಲ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಅಂದವಾಗಿ ಕಂಡದ್ದು, ಬಳಸುವವರು ಅಕ್ಷರದ ಗಾತ್ರವನ್ನು ಸೆಟ್ಟಿಂಗ್ಸ್‌ನಲ್ಲಿ ದೊಡ್ಡದು ಮಾಡಿಕೊಂಡ ಕೂಡಲೇ ಒಂದರ ಮೇಲೊಂದು ಬಿದ್ದುಕೊಳ್ಳುತ್ತದೆ. ಹಿರಿಯರ ಫೋನುಗಳಲ್ಲಿ ಅಕ್ಷರಗಳು ಸಾಮಾನ್ಯವಾಗಿ ದೊಡ್ಡದಾಗಿಯೇ ಇರುತ್ತವೆ ಎಂಬುದನ್ನು ಮರೆಯಬೇಡಿ. ಸಿಎಸ್‌ಎಸ್‌ನ ಫ್ಲೆಕ್ಸ್‌ಬಾಕ್ಸ್ (ಪರದೆಯ ತುಣುಕುಗಳನ್ನು ಜೋಡಿಸುವ ವಿಧಾನ) ಅರ್ಥವಾದವರಿಗೆ ಫಿಗ್ಮಾದ ಆಟೊ ಲೇಔಟ್ ತಾನಾಗಿ ಅರ್ಥವಾಗುತ್ತದೆ, ಏಕೆಂದರೆ ಎರಡರ ಹಿಂದಿನ ಯೋಚನೆಯೂ ಒಂದೇ.

ಇನ್ನೊಂದು ಸಂಗತಿ. ಹೊಸಬರು ನಮಗೆ ಕೊಡುವ ಫೈಲುಗಳಲ್ಲಿ ಎಲ್ಲವೂ ಸರಿಯಾಗಿ ನಡೆದಾಗಿನ ಪರದೆಗಳು ಮಾತ್ರ ಇರುತ್ತವೆ. ಇಂಟರ್ನೆಟ್ ನಿಧಾನವಾದರೆ ಏನು ಕಾಣಬೇಕು, ಪಟ್ಟಿಯಲ್ಲಿ ಇನ್ನೂ ಒಂದೂ ಆರ್ಡರ್ ಇಲ್ಲದಿದ್ದರೆ ಏನು ತೋರಿಸಬೇಕು, ಹಣ ಖಾತೆಯಿಂದ ಕಡಿತವಾಗಿಯೂ ಆರ್ಡರ್ ದಾಖಲಾಗದಿದ್ದರೆ ಯಾವ ಮಾತುಗಳಲ್ಲಿ ಹೇಳಬೇಕು, ಇವು ಯಾವುವೂ ಇರುವುದಿಲ್ಲ. ಕೊನೆಗೆ ಅವನ್ನು ಡೆವಲಪರುಗಳೇ ತೋಚಿದಂತೆ ತುಂಬುತ್ತಾರೆ, ‘ಸಮ್‌ಥಿಂಗ್ ವೆಂಟ್ ರಾಂಗ್’ (ಏನೋ ತಪ್ಪಾಗಿದೆ) ಎಂಬ ಸಾಲು ಎಲ್ಲ ಕಡೆ ಕಾಣಿಸಿಕೊಳ್ಳುವುದು ಹಾಗೆ.

ನೀವು ಕನ್ನಡದಲ್ಲೇ ಪರದೆಗಳನ್ನು ಮಾಡುವುದಾದರೆ ಇನ್ನೊಂದು ತೊಡಕನ್ನು ಮೊದಲೇ ತಿಳಿದಿರಿ. ಇಂಗ್ಲಿಷಿನಲ್ಲಿ ಯೋಚಿಸಿದ ವಾಕ್ಯದ ಅಚ್ಚಿನಲ್ಲಿ ಊರಿನ ಹೆಸರಿಗೆ ಒಂದು ಖಾಲಿ ಜಾಗ ಬಿಟ್ಟು, ಅದರ ಮುಂದೆ ‘ಗೆ’ ಅಂಟಿಸಿಬಿಡುತ್ತಾರೆ. ಹುಬ್ಬಳ್ಳಿಗೆ ಎನ್ನುವಾಗ ಸರಿಹೋಗುತ್ತದೆ. ಆದರೆ ಅದೇ ಅಚ್ಚಿನಲ್ಲಿ ‘ಹಾಸನಗೆ’, ‘ಬೆಂಗಳೂರುಗೆ’ ಎಂದೂ ಬರುತ್ತದೆ. ಪ್ರತಿ ಹೆಸರಿಗೂ ಸರಿಯಾದ ವಿಭಕ್ತಿಯನ್ನು ಹೊಂದಿಸಲು ಕೋಡ್ ಬರೆಯುವ ಬದಲು, ‘ಹೊರಡುವ ಊರು’, ‘ತಲುಪುವ ಊರು’ ಎಂದು ಶೀರ್ಷಿಕೆ ಕೊಟ್ಟು ಹೆಸರನ್ನು ಅದರ ಕೆಳಗೆ ಬಿಡಿಯಾಗಿ ಇಟ್ಟರೆ ತೊಡಕೇ ಇರುವುದಿಲ್ಲ. ವ್ಯಕ್ತಿಗಳ ಹೆಸರಿಗೆ ‘ಅವರಿಗೆ’ ಎಂದು ಸೇರಿಸಿದರೆ ವ್ಯಾಕರಣವೂ ಉಳಿಯುತ್ತದೆ, ಗೌರವವೂ ಉಳಿಯುತ್ತದೆ.

ಉತ್ತರ – ಅಕ್ಷರಮೇಳ

ಕನ್ನಡದ ಮಾತು ಬಂದದ್ದರಿಂದ ಅಕ್ಷರಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ನೀವು ಮುದ್ರಣಾಲಯದಲ್ಲಿ ನುಡಿಯ ಹಳೆಯ ಆಸ್ಕಿ ಫಾಂಟುಗಳನ್ನು ಬಳಸುತ್ತಿರಬಹುದು. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ತುಣುಕುಗಳನ್ನು ಕೂರಿಸಿರುವುದರಿಂದ, ಆ ಫಾಂಟ್ ಇಲ್ಲದ ಕಡೆ ಪಠ್ಯವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗಿ ಕಾಣುತ್ತದೆ. ಮುದ್ರಣಕ್ಕೆ ಅದರಿಂದ ತೊಂದರೆಯಿಲ್ಲ. ಪರದೆಯ ಕೆಲಸಕ್ಕೆ ಮಾತ್ರ, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಅನಿವಾರ್ಯ. ಇಲ್ಲದಿದ್ದರೆ ಹುಡುಕಾಟ ನಡೆಯುವುದಿಲ್ಲ, ದೃಷ್ಟಿದೋಷವುಳ್ಳವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಓದುವುದಿಲ್ಲ. ಇಂದಿನಿಂದಲೇ ಯೂನಿಕೋಡಿನಲ್ಲಿ ಟೈಪ್ ಮಾಡುವ ರೂಢಿ ಮಾಡಿಕೊಳ್ಳಿ. ಕೀಲಿಮಣೆಯ ವಿನ್ಯಾಸ ಅದೇ ಇರುವುದರಿಂದ ಬೆರಳಿಗೆ ಹೊಸದೇನೂ ಕಲಿಸಬೇಕಿಲ್ಲ.

ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ಆನೆಕ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಮೊದಲಾದವು ಉಚಿತವಾಗಿ ಸಿಗುತ್ತವೆ. ಪರದೆಯ ಚಿಕ್ಕ ಅಕ್ಷರಕ್ಕೆ ನನ್ನ ಆಯ್ಕೆ ಮೊದಲೆರಡು. ಆನೆಕ್‌ನಲ್ಲಿ ದಪ್ಪದ ಜೊತೆಗೆ ಅಗಲವನ್ನೂ ಕಿರಿದು–ಹಿರಿದು ಮಾಡಬಹುದಾದ್ದರಿಂದ, ಉದ್ದನೆಯ ಕನ್ನಡ ಪದವು ಇಕ್ಕಟ್ಟಾದ ಗುಂಡಿಯೊಳಗೆ ಕೂರಬೇಕಾದಾಗ ಅದು ಬಹಳ ಅನುಕೂಲ.

ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿನ ಅಳತೆಯಿಂದ ತರಬೇಡಿ. ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಎಂಬಂಥ ಪದಗಳಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಅಳೆದು ಮಾಡಿದ ಗುಂಡಿಯಲ್ಲಿ ಅವುಗಳ ಬುಡ ಕತ್ತರಿಸಿಹೋಗುತ್ತದೆ. ಅಕ್ಷರದ ಗಾತ್ರ 16 ಇದ್ದರೆ ಸಾಲಿನ ಎತ್ತರವನ್ನು 26ರಿಂದ 28ರವರೆಗೆ ಇಟ್ಟು ನೋಡಿ. ಗಾತ್ರ ಚಿಕ್ಕದಿದ್ದಾಗ ದಪ್ಪಕ್ಷರ ಬಳಸಿದರೆ ‘ಷ’ದ ಹೊಟ್ಟೆಯ ಗೆರೆ ಮುಚ್ಚಿಕೊಂಡು ‘ಪ’ದಂತೆ ಕಾಣುತ್ತದೆ. ಇಂಗ್ಲಿಷಿನವರು ಶೀರ್ಷಿಕೆಗೆ ದೊಡ್ಡಕ್ಷರ ಬಳಸಿ ಒತ್ತು ಕೊಡುತ್ತಾರೆ. ನಮಗೆ ಆ ದಾರಿ ಇಲ್ಲ, ಆದ್ದರಿಂದ ಗಾತ್ರ, ಬಣ್ಣ, ಅಂತರಗಳಿಂದಲೇ ಆ ಕೆಲಸ ಮಾಡಿಸಬೇಕು.

ಬಣ್ಣದ ವಿಷಯದಲ್ಲಿ ಲಗ್ನಪತ್ರಿಕೆಯ ಅಭ್ಯಾಸ ನಿಮ್ಮ ದಾರಿ ತಪ್ಪಿಸಬಹುದು. ಕೆಂಪು ಕಾಗದದ ಮೇಲೆ ಚಿನ್ನದ ಫಾಯಿಲ್ ಹೊಳೆಯುವುದರಿಂದ ಕಣ್ಣಿಗೆ ಬೀಳುತ್ತದೆ. ಪರದೆಯಲ್ಲಿ ಆ ಹೊಳಪಿಲ್ಲ, ಚಿನ್ನ ಬರಿಯ ಮಾಸಲು ಹಳದಿಯಾಗಿ ಕೆಂಪಿನಲ್ಲಿ ಮುಳುಗುತ್ತದೆ. ಜಾಲತಾಣಗಳನ್ನು ಎಲ್ಲರೂ ಬಳಸುವಂತಾಗಲು ಇರುವ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎಎ ಹಂತದ ಪ್ರಕಾರ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಹೊಳಪಿನ ವ್ಯತ್ಯಾಸಾನುಪಾತ ಇರಬೇಕು. ಅದನ್ನು ಅಳೆದು ಹೇಳುವ ಉಚಿತ ಸಲಕರಣೆಗಳು ಅಂತರಜಾಲದಲ್ಲಿವೆ. ಬೆರಳಿನಿಂದ ಒತ್ತುವ ಜಾಗಕ್ಕೂ ಅಳತೆಗಳಿವೆ: ಆ್ಯಂಡ್ರಾಯ್ಡ್‌ಗೆ ಗೂಗಲ್ ಹೇಳುವುದು 48 ಡಿಪಿ, ಐಫೋನಿಗೆ ಆ್ಯಪಲ್ ಹೇಳುವುದು 44 ಪಾಯಿಂಟ್ (ಎರಡೂ ಪರದೆಯ ಅಳತೆಯ ಮಾನಗಳು).

ಉತ್ತರ – ಕಡತ ನೋಡುವವರು

ಹೊಸ ವಿನ್ಯಾಸಕರನ್ನು ಆಯ್ಕೆ ಮಾಡುವ ಸಮಿತಿಗಳಲ್ಲಿ ನಾನು ಕೂರುತ್ತೇನೆ, ಆದ್ದರಿಂದ ಶುಲ್ಕ ಮತ್ತು ಕೆಲಸದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಆ ಒಂದು ಲಕ್ಷವನ್ನು ಈಗಲೇ ಕಟ್ಟಬೇಡಿ. ‘ಕೆಲಸ ಕೊಡಿಸುವ ಭರವಸೆ’ ಎಂಬುದನ್ನು ಒಪ್ಪಂದದ ಪತ್ರದಲ್ಲಿ ಯಾವ ಮಾತುಗಳಲ್ಲಿ ಬರೆದಿದ್ದಾರೆ ಎಂದು ಓದಿ ನೋಡಿ. ಬಹುತೇಕ ಅದು ‘ನೆರವು’ ಎಂದು ಬದಲಾಗಿರುತ್ತದೆ. ಕಂತಿನ ವ್ಯವಸ್ಥೆಯಿದ್ದರೆ ಅದು ಯಾವ ಸಾಲದ ಕಂಪನಿಯ ಹೆಸರಿನಲ್ಲಿದೆ, ಕೋರ್ಸು ಅರ್ಧಕ್ಕೆ ಬಿಟ್ಟರೆ ಕಂತು ನಿಲ್ಲುತ್ತದೆಯೇ ಎಂದು ಬರಹದಲ್ಲಿ ಕೇಳಿ. ಐಐಟಿ ಮೊದಲಾದವುಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಈ ವಿಷಯದ ಪಾಠಗಳನ್ನು ಉಚಿತವಾಗಿ ನೋಡಬಹುದು, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ. ಆನ್‌ಲೈನ್ ಕಲಿಕೆಯ ತಾಣವಾದ ಕೋರ್ಸೆರಾದಲ್ಲಿ ಗೂಗಲ್ 2021ರಲ್ಲಿ ಆರಂಭಿಸಿದ ಯುಎಕ್ಸ್ ಕೋರ್ಸು ಶಿಸ್ತಾಗಿ ಕಲಿಯಬೇಕೆನ್ನುವವರಿಗೆ ಅನುಕೂಲ. ಆದರೆ ಅದರ ಪ್ರಮಾಣಪತ್ರವೊಂದನ್ನೇ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಪೂರ್ಣಾವಧಿ ಓದುವ ಮನಸ್ಸಿದ್ದರೆ, ಹನ್ನೆರಡನೇ ತರಗತಿಯ ನಂತರ ಮೂರು ವರ್ಷದ ಪದವಿ ಮುಗಿಸಿರುವ ನೀವು ಸೀಡ್ ಎಂಬ ವಿನ್ಯಾಸ ಪ್ರವೇಶ ಪರೀಕ್ಷೆ ಬರೆಯಬಹುದು. ಮುಂಬೈ ಐಐಟಿಯ ವಿನ್ಯಾಸ ಶಾಲೆ ಐಡಿಸಿ ಮೊದಲಾದ ಕಡೆಗಳ ಎಂ.ಡಿಸ್. (ವಿನ್ಯಾಸದ ಸ್ನಾತಕೋತ್ತರ ಪದವಿ) ಪ್ರವೇಶಕ್ಕೆ ಅದೇ ದಾರಿ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಾದ ಎನ್‌ಐಡಿ ಬೇರೆಯಾಗಿಯೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಅವರದೊಂದು ಕ್ಯಾಂಪಸ್ ಬೆಂಗಳೂರಿನಲ್ಲೇ ಇದೆ.

ಪೋರ್ಟ್‌ಫೋಲಿಯೊದಲ್ಲಿ (ನೀವು ಮಾಡಿದ ಕೆಲಸಗಳನ್ನು ತೋರಿಸುವ ಸಂಗ್ರಹದಲ್ಲಿ) ಎರಡೋ ಮೂರೋ ಕೆಲಸಗಳಿದ್ದರೆ ಸಾಕು. ನಾವು ನೋಡುವುದು ನೀವು ಏನನ್ನು ಕೈಬಿಟ್ಟಿರಿ, ಏಕೆ ಕೈಬಿಟ್ಟಿರಿ ಎಂಬುದನ್ನು. ಲಗ್ನಪತ್ರಿಕೆಯ ಪ್ರೂಫ್ ಒಪ್ಪಿಗೆಯ ಕೆಲಸವನ್ನು ಮೊದಲ ಕಾಗದದ ಪರದೆಯಿಂದ ಹಿಡಿದು, ಪರೀಕ್ಷೆಯಲ್ಲಿ ಜನ ಎಡವಿದ ಜಾಗ, ಅದರಿಂದಾದ ಬದಲಾವಣೆ ಇವೆಲ್ಲದರೊಂದಿಗೆ ತೋರಿಸಿದರೆ, ನಾನಂತೂ ಊಟದ ಆ್ಯಪಿನ ನೂರೊಂದನೇ ಮರುವಿನ್ಯಾಸವನ್ನು ಬದಿಗಿಟ್ಟು ಅದನ್ನೇ ಓದುತ್ತೇನೆ. ಇಂಗ್ಲಿಷಿನ ಬಗ್ಗೆ ಹೇಳುವುದಾದರೆ, ಸಂದರ್ಶನದಲ್ಲಿ ನಿಮ್ಮ ನಿರ್ಧಾರಗಳನ್ನು ವಿವರಿಸುವಷ್ಟು ಬೇಕೇ ಬೇಕು, ಅದನ್ನು ಮುಚ್ಚಿಡುವುದಿಲ್ಲ. ನಿರರ್ಗಳತೆ ಬೇಕಿಲ್ಲ. ನಿಮ್ಮ ಕೆಲಸದ ವಿವರಣೆಯನ್ನು ಬರೆದುಕೊಂಡು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ.

ಡಿಟಿಪಿ ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ದಿನವೂ ಕಣ್ಣೆದುರಿಗೇ ನಡೆಯುವ ಪ್ರೂಫ್ ಕೆಲಸ ಅಭ್ಯಾಸಕ್ಕೆ ಒದಗುತ್ತದೆಂದು ನಾನು ಎಣಿಸಿರಲಿಲ್ಲ. ತರಬೇತಿ ಸಂಸ್ಥೆಗೆ ಸದ್ಯಕ್ಕೆ ಬೇಡವೆಂದು ತಿಳಿಸುತ್ತೇನೆ. ಒಂದು ಸಂದೇಹ ಉಳಿದಿದೆ: ಗಿರಾಕಿಗಳು ಕಳುಹಿಸಿದ ವಾಟ್ಸ್‌ಆ್ಯಪ್ ಸಂದೇಶಗಳ ಮತ್ತು ತಿದ್ದಿದ ಪ್ರೂಫ್‌ಗಳ ಚಿತ್ರಗಳನ್ನು ಪೋರ್ಟ್‌ಫೋಲಿಯೊದಲ್ಲಿ ಹಾಕಬಹುದೇ? ಮಾಲೀಕರನ್ನು ಕೇಳಿದರೆ ಬೇಡ ಎನ್ನಲಾರರು.

ಉತ್ತರ – ತೆರೆಯಂಚು

ಮಾಲೀಕರ ಒಪ್ಪಿಗೆ ಬೇಕು, ಆದರೆ ಅದಷ್ಟೇ ಸಾಲದು. ಆ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳು ಗಿರಾಕಿಗಳವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಹಾಗಿರಲಿ, ತಮ್ಮ ಮಗಳ ಮದುವೆಯ ಪ್ರೂಫ್ ಯಾರದೋ ಪೋರ್ಟ್‌ಫೋಲಿಯೊದಲ್ಲಿ ಕಾಣುವುದನ್ನು ಯಾವ ಮನೆಯವರೂ ಇಷ್ಟಪಡಲಾರರು. ಮೂಲ ಚಿತ್ರಗಳನ್ನು ಹಾಕಬೇಡಿ. ಅದೇ ಬಗೆಯ ಗೊಂದಲವಿರುವ ಒಂದು ಕಲ್ಪಿತ ಪತ್ರಿಕೆಯನ್ನು ನೀವೇ ಸಿದ್ಧಪಡಿಸಿ, ಅದರ ಮೇಲೆ ಪೆನ್ನಿನಲ್ಲಿ ತಿದ್ದಿ ಫೋಟೋ ತೆಗೆದು ಹಾಕಿ. ಇದು ನೈಜ ಆರ್ಡರುಗಳನ್ನು ಆಧರಿಸಿ ಮತ್ತೆ ರಚಿಸಿದ್ದು ಎಂದು ಕೆಳಗೆ ಒಂದು ಸಾಲು ಬರೆಯಿರಿ. ಪರೀಕ್ಷೆಗೆ ಕೂತವರ ಮುಖ, ಧ್ವನಿಗಳನ್ನು ದಾಖಲಿಸುವುದಾದರೆ ಮೊದಲೇ ಕೇಳಿ, ಯಾವುದಕ್ಕೆ ಬಳಸುತ್ತೀರೆಂದು ಅವರಿಗೆ ತಿಳಿಯುವ ಕನ್ನಡದಲ್ಲಿ ಬರೆದು ಸಹಿ ಪಡೆಯಿರಿ. ಬೇಡ ಎಂದವರ ವಿಷಯದಲ್ಲಿ ನಿಮ್ಮ ಟಿಪ್ಪಣಿ ಪುಸ್ತಕವೇ ಸಾಕು. ಕಾಗದದ ಪರದೆಗಳು ಸಿದ್ಧವಾದ ಮೇಲೆ ಅವುಗಳ ಚಿತ್ರವನ್ನು ಇಲ್ಲಿ ಹಾಕಿ, ಎಲ್ಲರೂ ನೋಡಿ ಹೇಳೋಣ.